ನಮ್ಮೂರಿನ ಅವಿರೋಧ ಆಯ್ಕೆ

ಚುನಾವಣೆಯ ಕಾಲಕ್ಕೆ ಓಡಾಡುವ ಶಬ್ದಗಳಲ್ಲಿ ನನಗೆ ಬಹಳ ಹಿಡಿಸಿದ್ದು ‘ಅವಿರೋಧ’. ಕೇಳಲಿಕ್ಕೆ ಎಷ್ಟು ತಣ್ಣಗಿದೆ ನೋಡಿ! ಮೈಕಿನ ಗದ್ದಲವಿಲ್ಲ, ಬೆರಳಿಗೆ ಮಸಿಯಿಲ್ಲ, ಸೋತವರ ಮನೆಯ ಮುಂದೆ ಪಟಾಕಿಯಿಲ್ಲ. ನಮ್ಮೂರಲ್ಲಿ ಹಾಲಿನ ಸಂಘಕ್ಕೂ ಅವಿರೋಧ, ಭಜನಾ ಮಂಡಳಿಗೂ ಅವಿರೋಧ, ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೊರಟರೆ ಮುಂದಿನ ಚಕ್ಕಡಿಯಲ್ಲಿ ಕೂರುವವರೂ ಅವಿರೋಧ. ನಿಘಂಟು ತೆಗೆದರೆ ‘ವಿರೋಧವಿಲ್ಲದ’ ಎಂದು ಒಂದೇ ಸಾಲಿನಲ್ಲಿ ಮುಗಿಸಿರುತ್ತಾರೆ. ನಮ್ಮಲ್ಲಿ ಅದಕ್ಕೆ ಅರ್ಥವೇನೆಂದರೆ, ವಿರೋಧ ಮಾಡಬೇಕಾದವನು ಹಿಂದಿನ ಸಂಜೆ ಊರ ಯಜಮಾನರಾದ ದೊಡ್ಡಗೌಡರ ಪಡಸಾಲೆಯಲ್ಲಿ ಕೂತು ಚಹಾ ಕುಡಿದು ಬಂದಿದ್ದಾನೆ. ಮನೆಯೊಳಗಿನ ಅರ್ಥ ಇನ್ನೂ ಸಸಾರ. ‘ಇವತ್ತ ಉಪ್ಪಿಟ್ಟು’ ಎಂದು ನನ್ನ ಹೆಂಡತಿ ಸುವರ್ಣಾ ಒಳಗಿನಿಂದ ಸಾರಿದರೆ ಉಪ್ಪಿಟ್ಟು ಅವಿರೋಧವಾಗಿ ಗೆದ್ದಿತು. ಅದರ ಎದುರು ಅವಲಕ್ಕಿಯನ್ನು ಕಣಕ್ಕಿಳಿಸುವ ಧೈರ್ಯ ನಾನು ಮದುವೆಯಾದಾಗಿನಿಂದ ಮಾಡಿಲ್ಲ.

ನಾನು ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆಗೆ ಪಾಳಿಯ ಮೇಲೆ ಹೋಗಿಬರುವ ಮನುಷ್ಯ. ಊರು ಹಳಿಯಾಳದ ಕಡೆಯ ಒಂದು ಹಳ್ಳಿ. ಈ ಸಲ ಗ್ರಾಮ ಪಂಚಾಯತಿಯಲ್ಲಿ ನಮ್ಮ ಓಣಿಯ ಸೀಟು ಮಹಿಳೆಗೆ ಬಂತು. ದೊಡ್ಡಗೌಡರು ರೂಢಿಯಂತೆ ತಮ್ಮ ಸೊಸೆ ರೇಖಾಳ ಹೆಸರು ಹೇಳಿದರು, ಊರು ರೂಢಿಯಂತೆ ಗೋಣು ಹಾಕಿತು. ಇನ್ನೇನು ಅವಿರೋಧ ಎನ್ನುವಷ್ಟರಲ್ಲಿ ಸುವರ್ಣಾ ಯಾರನ್ನೂ ಕೇಳದೆ ಹೋಗಿ ನಾಮಪತ್ರ ಹಾಕಿ ಬಂದುಬಿಟ್ಟಳು. ಅವಳಿಗಿದ್ದದ್ದು ಒಂದೇ ಸಿಟ್ಟು. ನಮ್ಮ ಓಣಿಯ ಅಂಗನವಾಡಿ ನಡೆಯುವುದು ಕಲ್ಮೇಶ್ವರ ಗುಡಿಯ ಕಟ್ಟೆಯ ಮೇಲೆ. ಮಳೆಗಾಲ ಬಂದರೆ ಇರಚಲು ಬಡಿದು ಕೂಸುಗಳು ಅರ್ಧ ತೊಯ್ದುಕೊಂಡೇ ಉಣ್ಣುತ್ತವೆ. ಕಟ್ಟಡಕ್ಕೆಂದು ಊರು ಬಿಟ್ಟ ಜಾಗದಲ್ಲಿ ಮಾತ್ರ ಗೌಡರ ಮೇವಿನ ಬಣವೆ ಬೆಚ್ಚಗೆ ಕೂತಿದೆ. ಅದನ್ನು ತೆಗೆಸಿರೆಂದು ಇವಳು ಹೇಳೀ ಹೇಳೀ ಸಾಕಾಗಿದ್ದಳು.

ದೊಡ್ಡಗೌಡರು ಊರ ಹಿರಿಯರೊಂದಿಗೆ ನಮ್ಮ ಮನೆಗೆ ಬಂದದ್ದು ನನ್ನ ವಾರದ ರಜೆಯ ದಿನ, ಸುವರ್ಣಾ ಮನೆಯಲ್ಲಿಲ್ಲದ ಹೊತ್ತು ನೋಡಿ. ಗೋವಿನಜೋಳದ ಬೆಳೆಯಾಯಿತು, ಮಳೆಯಾಯಿತು, ತಪ್ಪಿದ ಬಸ್ಸಾಯಿತು, ಕೊನೆಗೆ ಊರೆಂದ ಮೇಲೆ ಒಗ್ಗಟ್ಟು ಇರಬೇಕೆಂಬ ಮಾತೂ ಆಯಿತು. ಆಮೇಲೆ ದೊಡ್ಡಗೌಡರು ತಾವೇ ತಂದಿದ್ದ ಎಲೆ-ಅಡಿಕೆಯನ್ನು ತಟ್ಟೆಯಲ್ಲಿಟ್ಟು ನನ್ನ ಮುಂದೆ ಸರಿಸಿದರು. ಹಿರಿಯರ ಮುಂದೆ ಎಲೆ ಹಿಡಿದರೆ ಮಾತು ಕೊಟ್ಟಂತೆ. ಇದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆದರೆ ಹೊಟ್ಟೆ ತುಂಬ ಹೋಳಿಗೆ ಉಂಡ ಮನುಷ್ಯನಿಗೆ ಏನು ತಾನೆ ಗೊತ್ತಿರುತ್ತದೆ ಹೇಳಿ! ಕೈ ತಾನಾಗಿ ಹೋಯಿತು; ಸುಣ್ಣ ಹಚ್ಚಿ, ಮಡಚಿ, ಬಾಯಿಗೆ ಹಾಕಿಕೊಂಡೆ. ಗೌಡರು ಎದ್ದು ನನ್ನ ಬೆನ್ನು ತಟ್ಟಿ, ನಾಮಪತ್ರ ಹಿಂದಕ್ಕೆ ತಗೊಳ್ಳುವ ಮಾತು ಆಯಿತೆಂದು ಹೊರಟಾಗಲೇ ನನಗೆ ಎಚ್ಚರವಾದದ್ದು. ಎಲೆ ಅಷ್ಟರಲ್ಲಿ ಗಂಟಲು ದಾಟಿತ್ತು.

ಸುವರ್ಣಾ ಬಂದ ಮೇಲೆ ಅಂಜುತ್ತ ಅಂಜುತ್ತ ಹೇಳಿದೆ. ಕೂಗಾಡುತ್ತಾಳೆಂದುಕೊಂಡಿದ್ದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, “ಎಲಿ ತಿಂದಾವರು ನೀವು. ಹಿಂದ ಸರಿಯೂದಿದ್ರ ನೀವ ಸರೀರಿ. ನಾಮಪತ್ರ ನನ್ನ ಹೆಸರಿಲೆ ಐತಿ” ಎಂದಳು. ಇಷ್ಟು ಸರಳವಾದ ಮಾತು ನನ್ನ ತಲೆಗೂ ಹೊಳೆದಿರಲಿಲ್ಲ, ಹಿರಿಯರ ತಲೆಗೂ ಹೊಳೆದಿರಲಿಲ್ಲ.

ಮರುದಿನ ಅವಳು ಮಾಡಿದ್ದನ್ನು ನೆನೆದರೆ ನನಗೆ ಈಗಲೂ ಎದೆ ಉಬ್ಬುತ್ತದೆ. ತಲೆ ಮೇಲೆ ಸೆರಗು ಹೊದ್ದು, ತಟ್ಟೆಯಲ್ಲಿ ಎಲೆ-ಅಡಿಕೆ ಇಟ್ಟುಕೊಂಡು, ನನ್ನನ್ನೂ ಹಿಂದೆ ಹಾಕಿಕೊಂಡು ನೆಟ್ಟಗೆ ಗೌಡರ ಪಡಸಾಲೆಗೆ ನಡೆದಳು. “ನಮ್ಮ ಮನಿಯವರು ನಿಮ್ಮ ಎಲಿ ತಿಂದಾರ್ರಿ ಯಜಮಾನರ. ಅದಕ್ಕ ಬದಲಿ ತಂದೇನಿ, ತಗೋರಿ” ಎಂದು ತಟ್ಟೆಯನ್ನು ಅವರ ಮುಂದಿಟ್ಟು ನಮಸ್ಕಾರ ಮಾಡಿದಳು. ಬೈದಿದ್ದರೆ ಗೌಡರು ಬೈಯುತ್ತಿದ್ದರು. ನಮಸ್ಕಾರಕ್ಕೆ ಏನು ಮಾಡುತ್ತಾರೆ ಪಾಪ? ಮೀಸೆ ತಿರುವಿದರು, ಕೆಮ್ಮಿದರು, ಚಹಾ ತರಲು ಒಳಗೆ ಹೇಳಿದರು. ಚಹಾ ತಂದ ರೇಖಾ ಮಾವನವರ ಕಡೆ ಬೆನ್ನು ಮಾಡಿ ನಿಂತಿದ್ದರಿಂದ ಅವಳು ನಕ್ಕದ್ದು ನಮಗಷ್ಟೇ ಕಾಣಿಸಿತು.

ಹೀಗೆ ನಮ್ಮ ಓಣಿಯಲ್ಲಿ ಬಹಳ ವರ್ಷಗಳ ಮೇಲೆ ಪಂಚಾಯತಿಗೆ ಓಟು ನಡೆಯಿತು. ಸುವರ್ಣಾ ಮನೆಮನೆಗೆ ಹೋದಳು. ಗೌಡರ ಮೇಲೆ ಒಂದು ಮಾತಾಡಲಿಲ್ಲ, ಕೂಸುಗಳು ಎಲ್ಲಿ ಕೂತು ಉಣ್ಣುತ್ತವೆ ನೋಡಿ ಬನ್ನಿ ಎಂದಷ್ಟೇ ಹೇಳಿದಳು. ಓಟಿನ ದಿನ ಮುದುಕಿಯರೆಲ್ಲ ಪೆಟ್ಟಿಗೆಯ ತಳದ ಇಳಕಲ್ ಸೀರೆ ತೆಗೆದು ಉಟ್ಟು ಬಂದು, ಬೆರಳಿನ ಮಸಿಯನ್ನು ಒಬ್ಬರಿಗೊಬ್ಬರು ತೋರಿಸಿಕೊಂಡು ಹಿಗ್ಗಿದರು. ಇಷ್ಟು ಖುಷಿಯನ್ನು ನಾವು ‘ಅವಿರೋಧ’ದ ಹೆಸರಿನಲ್ಲಿ ಸುಮ್ಮನೆ ಬಿಟ್ಟುಕೊಟ್ಟಿದ್ದೆವಲ್ಲ ಎಂದು ನನಗೆ ಕೆಟ್ಟೆನಿಸಿತು. ಎಣಿಕೆ ಮುಗಿದು ಸುವರ್ಣಾ ಗೆದ್ದಳೆಂದು ಕೂಗಿದಾಗ ನನಗೆ ಅಳು ಬಂತು, ಸುಳ್ಳು ಯಾಕೆ ಹೇಳಲಿ.

ಆ ವಾರವೇ ರೇಖಾ ಅರಿಷಿಣ-ಕುಂಕುಮದ ಬಟ್ಟಲು ಹಿಡಿದು ನಮ್ಮ ಮನೆಗೆ ಬಂದಳು. ಬಣವೆ ಕೀಳಲು ಆಳುಗಳು ಬಂದಿದ್ದಾರೆ, ಮಾವನವರೇ ನಿಂತು ಮಾಡಿಸುತ್ತಿದ್ದಾರೆ ಎಂದು ತಿಳಿಸಿದಳು. ಸುವರ್ಣಾಳ ಹಣೆಗೆ ಕುಂಕುಮ ಹಚ್ಚುತ್ತ ದನಿ ತಗ್ಗಿಸಿ, “ಅಕ್ಕಾರ, ನನ್ನ ಓಟೂ ನಿಮಗ ಹಾಕೇನ್ರಿ. ನಿಲ್ಲತೀಯೇನವಾ ಅಂತ ನನ್ನ ಯಾರೂ ಕೇಳಿರಲಿಲ್ಲ” ಎಂದಳು. ಸುವರ್ಣಾ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಅವಳು ಹೋದ ಮೇಲೆ ಸುವರ್ಣಾ ನನ್ನ ಕಡೆ ತಿರುಗಿ, “ಮತ್ತ ನೀವು ಯಾರಿಗಿ ಹಾಕಿದ್ರಿ?” ಎಂದು ಕೇಳಿದಳು. ಮತದಾನ ಗುಪ್ತವಾಗಿರಬೇಕೆಂದು ಕಾನೂನೇ ಇದೆ ಎಂದು ಗಂಭೀರವಾಗಿ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಪಾಳಿಗೆ ಹೊರಟುಬಿಟ್ಟೆ. ನಿಮ್ಮ ಮುಂದೆ ಮುಚ್ಚುಮರೆಯೇನು, ಅವಳ ಗುರುತಿನ ಮೇಲೇ ಒತ್ತಿದ್ದೆ, ಎರಡು ಸಲ ನೋಡಿ ಗಟ್ಟಿಯಾಗಿ ಒತ್ತಿದ್ದೆ. ಆದರೆ ಅವಳಿಗೆ ಹೇಳುವುದಿಲ್ಲ. ಹೇಳಿದೆನೆಂದರೆ, ಈ ಮನೆಯಲ್ಲಿ ವಿರೋಧ ಪಕ್ಷವೆಂದು ಒಂದಿದ್ದರೂ ಇರಬಹುದು ಎಂಬ ಅನುಮಾನವೂ ಅವಳಿಗೆ ಹೋಗಿಬಿಡುತ್ತದೆ.