ಅತ್ತೆಯ ಹಿಮ್ಮಡಿ, ಸೊಸೆಯ ಸೊಂಟ

ನಡಾ, ಅಂದರೆ ಸೊಂಟ, ಹಿಡಿದವರು ಎಲ್ಲ ಊರಲ್ಲೂ ಇರುತ್ತಾರೆ. ಅವರನ್ನು ಒತ್ತಿ, ತಿರುವಿ, ವ್ಯಾಯಾಮ ಮಾಡಿಸಿ ನೆಟ್ಟಗೆ ಮಾಡುವುದು ನನ್ನ ಕೆಲಸ. ನನ್ನನ್ನೇ ನೆಟ್ಟಗೆ ಮಾಡಿ ಕಳಿಸುವವರು ಮಾತ್ರ ನನಗೆ ಮೇಲಿಂದ ಮೇಲೆ ಸಿಗುತ್ತಲೇ ಇರುತ್ತಾರೆ. ಎಪ್ಪತ್ತರ ದಶಕದ ಕೊನೆಗೆ, ಇಳಕಲ್ಲಿನ ದವಾಖಾನೆಯೊಂದರಲ್ಲಿದ್ದಾಗ, ಒಬ್ಬನೇ ರೋಗಿಯಿಂದ ಇಷ್ಟೆಲ್ಲ ಆಯಿತು.

೧. ಮತ್ತ ನೀವ್ಯಾಕ್ರಿ?

ರೋಗಿ ನೇಕಾರ. ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ವರ್ಷಾನುಗಟ್ಟಲೆ ತುಳಿದು, ಬೆನ್ನೆಲುಬಿನ ಬುಡ ಸೊಂಟದ ಎಲುಬಿಗೆ ಕೂಡುವ ಕೀಲು ಹಿಡಿದುಕೊಂಡಿತ್ತು.

“ಹದಿನೈದು ದಿನಕ್ಕ ಮಗಳ ಲಗ್ನ ಐತ್ರಿ ಡಾಕ್ಟರ್ ಬಾಯಾರ. ಆಕಿ ಸೀರಿ ಮಗ್ಗದ ಮ್ಯಾಲ ಅರ್ಧಕ್ಕ ನಿಂತೈತಿ. ನೇಕಾರನ ಮಗಳು ಮಂದಿ ಮಗ್ಗದ ಸೀರಿ ಉಟ್ರ ಬೀಗರು ನಗತಾರ. ಸೂಜಿ ಮಾಡ್ರಿ.”

“ಸೂಜಿ ಇಲ್ಲ.”

“ಗುಳಿಗಿ?”

“ಅದೂ ಇಲ್ಲ. ನಾ ಕೈಲೆ ಒತ್ತಿ ಕೀಲು ಸಡಿಲ ಮಾಡ್ತೇನಿ. ಆಮ್ಯಾಲ ನೀವು ಅಂಗಾತ ಮಲಗಿ, ಮೊಣಕಾಲ ಮಡಚಿ, ಮುಂಜಾನಿ ಹತ್ತು ಸಲ, ಸಂಜಿ ಹತ್ತು ಸಲ ಸೊಂಟ ಎತ್ರಿ.”

ಆತ ಲೆಕ್ಕ ಹಾಕಿದ. “ಬ್ಯಾನೀನೂ ನಂದು, ದುಡಿಮೀನೂ ನಂದು. ಮತ್ತ ನೀವ್ಯಾಕ್ರಿ?”

೨. ಒಂದ ಹೊತ್ತೂ ತಪ್ಪಿಲ್ಲ

ಐದು ದಿನ ಬಿಟ್ಟು ಬಂದ. ಅದೇ ವಾರೆ ನಡಿಗೆ.

“ವ್ಯಾಯಾಮ ಮಾಡಿದ್ರೇನು?”

“ಒಂದ ಹೊತ್ತೂ ತಪ್ಪಿಲ್ರಿ. ಹೇಣ್ತಿ ಮಾಡ್ತಾಳ.”

“ಅವರ್ಯಾಕ?”

“ನನಗ ಬ್ಯಾನಿ ಐತಲ್ರಿ! ತುಳಸಿಗೇರಿ ಹಣಮಪ್ಪಗ ನನ್ನ ಹರಕಿ ದೀಡ ನಮಸ್ಕಾರ, ಗುಡಿತನಕ ಅಡ್ಡಬಿದ್ದು ಎದ್ದು, ಆಕಿನ ಹಾಕಿದ್ಲು. ದೇವರ ಒಪ್ಕೊಂಡಾನ, ನಿಮದೇನ್ರಿ?”

ಹಿಂದೆ ನಿಂತಿದ್ದ ಹೆಂಡತಿ ಮೆಲ್ಲಗೆ ಹೇಳಿದಳು: “ನನ್ನ ನಡಾ ಮಾತ್ರ ಭಾಳ ಹಗರಾಗೇತ್ರಿ.”

೩. ಒಪ್ಪಂದ

ಉಳಿದದ್ದು ಹತ್ತೇ ದಿನ. ಆತನ ತಾಯಿ, ಓಣಿಗೆಲ್ಲ ಆಯಿ, ಕಾಲು ಮುಂದಾಗಿ ಹುಟ್ಟಿದಾಕೆ. ಅಂಥವರು ಒದ್ದರೆ ಉಳುಕು ಬಿಡುತ್ತದೆಂದು ನಂಬಿಕೆ. ಓಣಿಯ ಅರ್ಧ ಸೊಂಟಗಳು ಆಕೆಯ ಹಿಮ್ಮಡಿ ಕಂಡಿದ್ದವು. ನಾನು ಮೂರು ವರ್ಷ ಓದಿ ಹುಡುಕುವ ಕೀಲಿಗೆ ಆಯಿಯ ಹಿಮ್ಮಡಿ ಸೀದಾ ಹೋಗಿ ತಾಕುತ್ತಿತ್ತು.

ನಾನೇ ಶರಣಾದೆ. “ಆಯಿ, ದಿನಾ ಹಗೂರಕ ಒದಿರಿ. ಆದ್ರ ಅದರ ಗುಣ ನಿಲ್ಲಬೇಕಂದ್ರ ಮಗನ ಕಡಿಂದನ ಸೊಂಟ ಎತ್ತಿಸ್ರಿ.”

ಆಯಿ ಮಗನ ತಲೆ ಹತ್ತಿರ ಕೂತು ಎಣಿಸಿದಳು. ಒಂದು ತಪ್ಪಿದರೆ ಮತ್ತೆ ಮೊದಲಿನಿಂದ. ನಾನು ದಿನಾ ಹೋಗಿ ಕೀಲು ಒತ್ತಿದೆ. ಆರನೆಯ ದಿನ ಆತ ಮಗ್ಗದ ಕುಣಿಗಿಳಿದ. ಲಗ್ನದ ಹಿಂದಿನ ಸಂಜೆ ಸೀರೆ ಮಗ್ಗದಿಂದ ಇಳಿಯಿತು. ಮರುವಾರ ದವಾಖಾನೆಯ ರೋಗಿಗಳ ಸಾಲು ಆಯಿಯ ಮನೆ ಮುಂದಿತ್ತು.

೪. ಮನಿ ಔಷಧ

ಆ ಸಾಲು ನಿಲ್ಲುವುದಕ್ಕೂ ಮೊದಲು, ಲಗ್ನದ ಮನೆಯಲ್ಲೇ ನನ್ನ ಮಾನ ಹೋಗಿತ್ತು. ಮದುಮಗಳ ಸೆರಗಿನ ತೆನೆ ಚಿತ್ತಾರ ನೋಡಲು ಬಗ್ಗಿದ ನಾನು ನಡಾ ಹಿಡಿದು ಮೇಲೇಳಲೇ ಇಲ್ಲ. ಸುತ್ತ ನನ್ನ ರೋಗಿಗಳೇ. ಆಯಿ ಸೀರೆ ಎತ್ತಿಕಟ್ಟಿ, ನನ್ನನ್ನು ಕಂಬಕ್ಕೆ ಆನಿಸಿ, ಮೂರು ಸಲ ಒದ್ದಳು. ಖರೆ ಹೇಳಬೇಕೆಂದರೆ ಹಗುರಾಯಿತು. ನಾನು ಹೇಳಲಿಲ್ಲ.

“ಬರೇ ಒದ್ರ ಆಗೂದಿಲ್ಲವಾ,” ಅಂದಳು ಆಯಿ. “ಮುಂಜಾನಿ ಹತ್ತು, ಸಂಜಿ ಹತ್ತು ಸೊಂಟ ಎತ್ತಬೇಕು. ನಮ್ಮ ಮನಿ ಔಷಧ, ಯಾವ ದವಾಖಾನ್ಯಾಗೂ ಹೇಳೂದಿಲ್ಲ.”

“ನನಗ ಎಲ್ಲಿ ಪುರಸೊತ್ತು ಆಯಿ?” ಎಂದೆ ಸಿಟ್ಟಿನಿಂದ.

“ಅದಕ್ಯಾಕ ಚಿಂತಿ? ನಮ್ಮ ಸೊಸಿ ಮಾಡ್ತಾಳ. ಆಕಿಗೆ ರೂಢಿ ಐತಿ.”