ಚಿಗವ್ವನ ಬಾಯಿಗೆ ಅರಿವಳಿಕೆ

ನಮ್ಮ ಚಿಗವ್ವ ಒಂದು ದಿನ ಮನಸ್ಸು ಮಾಡಿ ಬಾಯಿ ಬಿಟ್ಟಳೆಂದರೆ ಹುಬ್ಬಳ್ಳಿ-ಧಾರವಾಡದ ಅರ್ಧ ಬೀಗರು ಇನ್ನರ್ಧ ಬೀಗರ ಜೊತೆ ಮಾತು ಬಿಡುತ್ತಾರೆ. ಉತ್ಪ್ರೇಕ್ಷೆ ಅನ್ನಿಸಿತೇ? ನೀವು ಆಕೆಯ ಕೈಯಿಂದ ಸೊಸೆಯನ್ನು ತಂದುಕೊಂಡವರಲ್ಲ, ಅದಕ್ಕೇ ಹಾಗೆ ಅನ್ನಿಸಿದೆ!

ಚಿಗವ್ವ ಎಂದರೆ ನನ್ನ ಅವ್ವನ ತಂಗಿ. ವಯಸ್ಸು ಅರವತ್ತೆಂಟು, ಮನೆ ಉಣಕಲ್ಲಿನಲ್ಲಿ, ಕಸುಬು ಮದುವೆ ಕೂಡಿಸುವುದು. ಕಸುಬು ಎಂದರೆ ಆಕೆಗೆ ಸಿಟ್ಟು ಬರುತ್ತದೆ. ಉಡಿ ತುಂಬಿಸಿಕೊಂಡದ್ದು ಬಿಟ್ಟರೆ ಯಾರಿಂದಲೂ ಏನೂ ಮುಟ್ಟಿದವಳಲ್ಲ. ಆಕೆಯ ಆಸ್ತಿಯೆಲ್ಲ ಹೊಟ್ಟೆಯೊಳಗಿದೆ. ಯಾವ ವರನ ತಲೆಯ ಮೇಲಿನ ಕೂದಲು ಯಾವ ಅಂಗಡಿಯದು, ಯಾವ ಕನ್ಯೆ ಹತ್ತನೆಯ ಇಯತ್ತೆಯನ್ನು ಎಷ್ಟು ವರ್ಷ ಪ್ರೀತಿಯಿಂದ ಓದಿದಳು, ಯಾರ ಮನೆಯಲ್ಲಿ ಬೀಗರು ಬರುವ ದಿನ ಪಕ್ಕದ ಮನೆಯ ಸೋಫಾ ತಂದು ಹಾಕಿದ್ದರು, ಎಲ್ಲ ಬಲ್ಲಳು. ಬಲ್ಲಳು, ಆದರೆ ಹೇಳಳು. ನಲವತ್ತು ವರ್ಷಗಳಲ್ಲಿ ಒಂದಕ್ಷರ ಹೊರಗೆ ಬಿದ್ದಿಲ್ಲ. ಮೇಲಿನ ಮೂರು ಸಂಗತಿಗಳನ್ನು ನಾನು ಬೇರೆ ಮೂಲಗಳಿಂದ ಬಹಳ ಕಷ್ಟಪಟ್ಟು ಸಂಗ್ರಹಿಸಿದ್ದೇನೆ.

ಇಂಥ ಚಿಗವ್ವನ ಹೊಟ್ಟೆಯಲ್ಲಿ ಗುಟ್ಟುಗಳ ಜೊತೆಗೆ ಕಲ್ಲುಗಳೂ ಇವೆಯೆಂದು ಹೋದ ವರ್ಷ ಸ್ಕ್ಯಾನಿಂಗಿನವರು ಪತ್ತೆ ಹಚ್ಚಿದರು. ಪಿತ್ತಕೋಶದಲ್ಲಿ ಮೂರು. ಮಿರ್ಚಿ ಭಜಿ ತಿಂದಾಗಲೆಲ್ಲ ಬಲಪಕ್ಕೆ ಹಿಡಿದುಕೊಂಡು ಕೂಡುತ್ತಿದ್ದುದಕ್ಕೆ ಅವೇ ಕಾರಣವಂತೆ. ಈಗೇನೂ ಗಡಿಬಿಡಿಯಿಲ್ಲ, ಆದರೆ ಆರಾಮ ಇದ್ದಾಗಲೇ ತೆಗೆಸಿಬಿಡುವುದು ಒಳ್ಳೆಯದು. ಕಲ್ಲು ಸರಿದು ನಾಳದಲ್ಲಿ ಸಿಕ್ಕಿಕೊಂಡರೆ ಜೀವಕ್ಕೇ ಬರುತ್ತದೆ ಎಂದರು ಡಾಕ್ಟರು. ಹೊಟ್ಟೆ ಕೊಯ್ಯುತ್ತಾರೆಂದಾಗ ಚಿಗವ್ವ ಕಣ್ಣು ಮಿಟುಕಿಸಲಿಲ್ಲ. ಪೂರ್ತಿ ಎಚ್ಚರ ತಪ್ಪಿಸಿ ಮಾಡುತ್ತೇವೆ ಎಂದಾಗ ಮಾತ್ರ ಮುಖ ಬಿಳಿಚಿಕೊಂಡಿತು.

"ಎಚ್ಚರ ತಪ್ಪಿದಾಗ ಮನಶಾ ಮಾತಾಡ್ತಾನೇನ್ರಿ?" ಎಂದು ಕೇಳಿದಳು.

"ಬಾಯಾಗ ನಳಿಗಿ ಇರ್ತೈತ್ರಿ ಅಮ್ಮಾರ. ಮಾತಾಡಾಕ ಬರೂದಿಲ್ಲ."

"ನಳಿಗಿ ತಗದ ಮ್ಯಾಲೆ?"

ಡಾಕ್ಟರು ಸುಳ್ಳು ಹೇಳಬಹುದಿತ್ತು. ಪಾಪ, ಸಜ್ಜನ ಮನುಷ್ಯ. ಕೆಲವರು ಸ್ವಲ್ಪ ಹೊತ್ತು ಏನಾದರೂ ಬಡಬಡಿಸುತ್ತಾರೆ, ಆಮೇಲೆ ಅವರಿಗೇ ಅದು ನೆನಪಿರುವುದಿಲ್ಲ ಎಂದು ಸಮಾಧಾನ ಹೇಳಿದರು. ಸಮಾಧಾನವೇ ಅದು? ಹೇಳಿದವಳಿಗೆ ನೆನಪಿರದಿದ್ದರೇನು, ಕೇಳಿದವರಿಗೆ ಇರುವುದಿಲ್ಲವೇ! ಚಿಗವ್ವ ಸೆರಗು ಹೊದ್ದು ಎದ್ದು ಬಂದುಬಿಟ್ಟಳು.

ಆಮೇಲೆ ಶುರುವಾಯಿತು ನೋಡಿ ಸಂಶೋಧನೆ. ಅವಳಿ ನಗರದಲ್ಲಿ ಆಪರೇಷನ್ ಮಾಡಿಸಿಕೊಂಡವರನ್ನೆಲ್ಲ ಹುಡುಕಿಕೊಂಡು ಹೋಗಿ, ಎಚ್ಚರವಾಗುವಾಗ ಏನೆಂದಿರಿ ಎಂದು ವಿಚಾರಿಸತೊಡಗಿದಳು. ಹೆಚ್ಚಿನವರು ನೀರು ಕೇಳಿದ್ದರು, ಕೆಲವರು ದೇವರನ್ನು ಕರೆದಿದ್ದರು. ಇಷ್ಟಕ್ಕೇ ನಿಂತಿದ್ದರೆ ಚಿಗವ್ವನ ಹೆದರಿಕೆ ಇಳಿಯುತ್ತಿತ್ತೇನೋ. ಆದರೆ ಬೆಂಗೇರಿಯಲ್ಲಿ ನಿವೃತ್ತ ಡ್ರಾಯಿಂಗ್ ಮಾಸ್ತರರೊಬ್ಬರು ಸಿಕ್ಕರು. ಅವರು ಹರ್ನಿಯಾ ಆಪರೇಷನ್ ಆಗಿ ಅರೆ ಎಚ್ಚರದಲ್ಲಿದ್ದಾಗ, ಹೆಂಡತಿ ಕೊಟ್ಟ ಉಪ್ಪಿಟ್ಟನ್ನು ಹನ್ನೊಂದು ವರ್ಷಗಳಿಂದ ತಾವು ಎದುರುಮನೆಯ ನಾಯಿಗೆ ಹಾಕುತ್ತಿರುವುದಾಗಿ ಸವಿಸ್ತಾರವಾಗಿ ತಿಳಿಸಿದ್ದರು. ತಿಳಿಸಿದ್ದು ಹೆಂಡತಿಗೇ! ಅಂದಿನಿಂದ ಅವರಿಗೆ ದಿನಕ್ಕೆರಡು ಹೊತ್ತು ಉಪ್ಪಿಟ್ಟು, ಎದುರಿಗೆ ಕೂತು ತಿನ್ನಿಸುತ್ತಾರಂತೆ. ನಾಯಿ ಸೊರಗಿದೆ.

ಮಾಸ್ತರರ ಈ ದುರ್ಗತಿ ಕೇಳಿದ ಮೇಲೆ ಚಿಗವ್ವ ಆಪರೇಷನ್ನಿನ ದಿನವನ್ನು ಮೂರು ಸಲ ಮುಂದೂಡಿದಳು. ಅಮಾವಾಸ್ಯೆ ಎಂದಳು, ಆಷಾಢ ಎಂದಳು, ಒಂದು ಕನ್ಯೆ ತೋರಿಸುವುದಿದೆ ಎಂದಳು. ನಡುವೆ ಸುಮ್ಮನೇ ಕೂತಿರಲಿಲ್ಲ; ಬಾಯಿ ಮುಚ್ಚಿಕೊಂಡು ಮಲಗುವ ಅಭ್ಯಾಸ ಆರಂಭಿಸಿದ್ದಳು. ದವಡೆಯ ಕೆಳಗಿನಿಂದ ನಡುನೆತ್ತಿಯವರೆಗೆ ಬಿಳಿ ಟಾವೆಲ್ ಬಿಗಿದು, ಅಂಗಾತ ಮಲಗಿ, ಕೈ ಎದೆಯ ಮೇಲಿಟ್ಟುಕೊಂಡು ನಿದ್ದೆ ಹೋಗುವುದು. ಮಧ್ಯಾಹ್ನ ಊಟಕ್ಕೆ ಬಂದ ಕಾಕಾ, ಅಂದರೆ ಆಕೆಯ ಗಂಡ, ಆ ದೃಶ್ಯ ನೋಡಿ ಕೈಯಲ್ಲಿದ್ದ ನೀರಿನ ತಂಬಿಗೆ ಬಿಟ್ಟರು. ಸದ್ದಿಗೆ ಹೆಣ ಎದ್ದು ಕೂತು ಕಣ್ಣಲ್ಲೇ ಬೈಯಿತು. ಮದುವೆಯಾದಾಗಿನಿಂದ ಮನೆ ಇಷ್ಟು ಶಾಂತವಾಗಿದ್ದ ಮಧ್ಯಾಹ್ನ ಇದೊಂದೇ ಎಂದು ಕಾಕಾ ಈಗಲೂ ನೆನೆಯುತ್ತಾರೆ.

ಅಷ್ಟರಲ್ಲಿ ಸುದ್ದಿ ಹಬ್ಬಿತು. ಚಿಗವ್ವನಿಗೆ ಎಚ್ಚರ ತಪ್ಪಿಸುತ್ತಾರಂತೆ! ಬೀಗರ ದಂಡು ಬರತೊಡಗಿತು. ಬಂದವರಲ್ಲಿ ಎರಡು ಪಂಗಡ. ಲಗೂನ ಮಾಡಿಸಿಕೊಳ್ಳಿ ಎನ್ನುವವರು ಒಂದು, ಆಪರೇಷನ್ ಯಾಕೆ ಬೇಕು ಎನ್ನುವವರು ಇನ್ನೊಂದು. ಮೊದಲನೆಯವರದು ಶುದ್ಧ ಸಂಸಾರ ಎಂದೂ, ಎರಡನೆಯವರದು ಏನೋ ಇದೆ ಎಂದೂ ನಾನು ಮೂಲೆಯಲ್ಲಿ ಚಹಾ ಸೋಸುತ್ತ ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ತಾರಿಹಾಳದಲ್ಲಿ ಕಾರ್ಖಾನೆ ಇಟ್ಟವರೊಬ್ಬರು ಹುರುಳಿಯ ಕಟ್ಟು ಕುಡಿದರೆ ಕಲ್ಲು ತಾನೇ ಕರಗುತ್ತದೆಂದು ಇಡೀ ಒಂದು ಚೀಲ ಹುರುಳಿ ಇಳಿಸಿ ಹೋದರು. ಚೀಲ! ಅವರ ಮನೆಯ ಗುಟ್ಟು ಎಷ್ಟು ದೊಡ್ಡದಿರಬೇಕು ನೀವೇ ಊಹಿಸಿ.

ಆದರೆ ಕಲ್ಲು ಹುರುಳಿಗೆ ಜಗ್ಗಲಿಲ್ಲ. ಒಂದು ಬೆಳಿಗ್ಗೆ ಚಿಗವ್ವ ನೋವಿಗೆ ಅಡುಗೆಮನೆಯಲ್ಲೇ ಕುಸಿದು ಕೂತಳು. ಮುಖವೆಲ್ಲ ಬೆವರು. ಇನ್ನು ತಡ ಮಾಡಿದರೆ ನಮ್ಮನ್ನು ಕೇಳಬೇಡಿ ಎಂದು ಡಾಕ್ಟರು ಕೈಯೆತ್ತಿದರು. ಆಗ ಕಾಕಾನ ಮುಖ ನೋಡಿ ಒಪ್ಪಿಕೊಂಡಳು, ಷರತ್ತುಗಳೊಂದಿಗೆ. ಎಚ್ಚರವಾಗುವ ಹೊತ್ತಿಗೆ ಹತ್ತಿರ ಇರುವ ನರ್ಸಿಗೆ ಕನ್ನಡ ಬರಬಾರದು. ಮನೆಯವರಲ್ಲಿ ಕಾಕಾ ಒಬ್ಬರೇ ಒಳಗೆ ಬರಬೇಕು, ಅವರೂ ಕಿವಿಯ ಮಷೀನು ತೆಗೆದಿಟ್ಟು ಬರಬೇಕು!

ಆಸ್ಪತ್ರೆಯವರು ಕೇರಳದ ಸಿಸ್ಟರ್ ಒಬ್ಬರನ್ನು ಕಳಿಸಿದರು. ಚಿಗವ್ವ ಪರೀಕ್ಷೆಗೆಂದು, ನಿನ್ನ ಮದುವೆ ಆಗಿದೆಯೇ, ಅತ್ತೆ ಕಾಡುತ್ತಾಳೆಯೇ ಎಂದು ಕನ್ನಡದಲ್ಲಿ ಕೇಳಿದಳು. ಬಿ.ಪಿ. ನೋಡುತ್ತಿದ್ದ ಸಿಸ್ಟರ್ ಸುಮ್ಮನೇ ನಕ್ಕರು. ಪಾಸು! ಮರುದಿನ ಟ್ರಾಲಿಯ ಮೇಲೆ ಮಲಗಿಸಿ ಆಪರೇಷನ್ ಕೋಣೆಯ ಬಾಗಿಲ ತನಕ ತಂದಾಗ ಅದೇ ಸಿಸ್ಟರ್ ಆಕೆಯ ಕೈ ಸವರಿದರು.

"ಹೆದರಬ್ಯಾಡ್ರಿ ಅಮ್ಮಾರ. ನಾ ಹುಬ್ಬಳ್ಳಿಗೆ ಬಂದು ಹನ್ನೊಂದು ವರ್ಷ ಆತು, ಇಂಥಾವು ಭಾಳ ನೋಡೇನಿ."

ಚಿಗವ್ವ ಟ್ರಾಲಿಯಿಂದ ಇಳಿಯಲು ಕಾಲು ಕೆಳಗೆ ಬಿಟ್ಟಳು. ಇಬ್ಬರು ಸೇರಿ ಹಿಡಿದೆವು. ಕೊನೆಗೆ ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲವೆಂದು ಸಿಸ್ಟರ್ ತಮ್ಮ ಮಕ್ಕಳ ಮೇಲೆ ಆಣೆ ಮಾಡಿದ ಮೇಲೆ ಮಲಗಿದಳು. ಒಳಗೆ ಹೋಗುವ ಮೊದಲು ನನ್ನನ್ನು ಹತ್ತಿರ ಕರೆದಳು. ಹೊಗಳುತ್ತಾಳೇನೋ ಎಂದು ಬಗ್ಗಿದೆ.

"ಬ್ಯಾರೆ ಯಾರರ ಬಂದ್ರ ಬರ್ಲಿ. ನೀ ಮಾತ್ರ ಒಳಗ ಬರಬ್ಯಾಡ."

ನನಗೆ ಚುಚ್ಚಿತು, ಸುಳ್ಳೇಕೆ ಹೇಳಲಿ. ನನ್ನ ಬಾಯಿ ಹಗುರ, ನಿಜ. ಆದರೆ ನನಗೂ ಆಕೆಗೂ ನಡುವೆ ಇನ್ನೊಂದು ಹಳೆಯ ಗಂಟು ಇತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ಧಾರವಾಡದ ಒಬ್ಬ ಹುಡುಗ ನನ್ನನ್ನು ನೋಡಲು ಬಂದಿದ್ದ. ಲೆಕ್ಚರರ್, ಮೆತ್ತಗೆ ಮಾತಾಡುತ್ತಿದ್ದ, ನನಗೆ ಬಹಳ ಹಿಡಿಸಿದ್ದ. ಎಲ್ಲ ಕೂಡಿ ಬಂದಿತ್ತು. ಅಷ್ಟರಲ್ಲಿ ಚಿಗವ್ವ ಬಂದು, ಹುಡುಗನ ಕಿವಿ ಬಹಳ ಸಣ್ಣವು, ನಾನೇ ಬೇಡವೆಂದು ಹೇಳಿಬಂದೆ ಎಂದಳು. ಕಿವಿ! ನಾನು ಒಂದು ತಿಂಗಳು ಅತ್ತೆ. ಒಂದು ವರ್ಷ ಆಕೆಯ ಜೊತೆ ಮಾತು ಬಿಟ್ಟೆ. ಆಕೆಯ ಮೇಲಿನ ಹಟಕ್ಕೇ ಪೇಪರಿನ ಜಾಹೀರಾತು ನೋಡಿ ಮದುವೆಯಾದೆ. ಗಂಡ ಒಳ್ಳೆಯವನೇ ಸಿಕ್ಕ, ಅದು ಬೇರೆ ಮಾತು. ಆದರೆ ಸಿಟ್ಟು ಬಂದಾಗಲೆಲ್ಲ, ನಿನ್ನ ಸೊಕ್ಕಿಗೆ ನನ್ನ ಸಂಬಂಧ ಮುರಿದಿ ಎಂದು ಹತ್ತು ಜನರ ಮುಂದೆ ಅಂದಿದ್ದೇನೆ. ಆಕೆ ಒಮ್ಮೆಯೂ ತಿರುಗಿ ಮಾತಾಡಿದವಳಲ್ಲ.

ಆಪರೇಷನ್ ಸರಿಯಾಗಿ ಮುಗಿಯಿತು. ಕಾಕಾ ಮಾತ್ರೆ ತರಲು ಕೆಳಗೆ ಹೋಗಿದ್ದಾಗ ಸಿಸ್ಟರ್ ಓಡಿಬಂದರು. ಅಮ್ಮ ಸಲೈನ್ ಕಿತ್ತುಕೊಳ್ಳುತ್ತಿದ್ದಾರೆ, ಕೈ ಹಿಡಿಯಲು ಮನೆಯವರು ಯಾರಾದರೂ ಬೇಕೆಂದರು. ಷರತ್ತು ಮರೆತು ಒಳಗೆ ಹೋದೆ.

ಚಿಗವ್ವ ಕಣ್ಣು ಮುಚ್ಚಿಕೊಂಡೇ ಯಾರ ಜೊತೆಗೋ ವಾದ ಮಾಡುತ್ತಿದ್ದಳು. ಕೈ ಹಿಡಿದೆ. ನಾಲಗೆ ತೊದಲುತ್ತಿತ್ತು, ಆದರೆ ಒಂದೊಂದು ಮಾತೂ ತಿಳಿಯುತ್ತಿತ್ತು.

"ನಿಮ್ಮ ಮಗಗ ಹುಡುಗಿ ಕಪ್ಪ ಕಂಡ್ಳು, ಆತು ಬಿಡ್ರಿ. ಆದ್ರ ಆ ಮಾತು ನಮ್ಮ ಕೂಸಿನ ಕಿವಿಗೆ ಬೀಳಬಾರದು. ನಾನ ಬ್ಯಾಡಂದೆ ಅಂತ ಹೇಳ್ತೇನಿ. ಬೈದ್ರ ನನಗ ಬೈಲಿ."

ಸಿಸ್ಟರ್ ನನ್ನ ಮುಖ ನೋಡಿದರು, ಆಮೇಲೆ ಕಿಟಕಿಯ ಕಡೆ ತಿರುಗಿ ನಿಂತರು. ನಾನು ಆ ಕೈ ಹಿಡಿದುಕೊಂಡು ಕೂತೆ. ಇಪ್ಪತ್ತೆರಡು ವರ್ಷ ನಾನು ಬೈದಿದ್ದೇನೆ, ಆಕೆ ಬೈಸಿಕೊಂಡಿದ್ದಾಳೆ. ನನಗೆ ನಾಚಿಕೆಯಾಯಿತು, ಅಳು ಬಂತು, ಆಕೆಯ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

ಸ್ವಲ್ಪ ಹೊತ್ತಿಗೆ ಚಿಗವ್ವ ಕಣ್ಣು ಬಿಟ್ಟಳು. ನನ್ನನ್ನು ನೋಡಿ ಗಾಬರಿಯಾದಳು.

"ನಾ ಏನರ ಅಂದೆನೇನು?"

"ಏನಿಲ್ಲ ಚಿಗವ್ವ. ಬರೇ ಗೊರಕಿ ಹೊಡದಿ."

ನಂಬಿದಳು. ಆಕೆಯ ಉಸಿರು ಸಾವಕಾಶವಾಯಿತು. ನಾನು ಹಣೆಯ ಮೇಲಿನ ಕೂದಲು ಸರಿಸಿದೆ.

"ಚಿಗವ್ವ, ಆ ಧಾರವಾಡದ ಹುಡುಗನ್ನ ನೀ ಬ್ಯಾಡಂದಿದ್ದು ಛಲೋ ಆತು ನೋಡು."

ಆಕೆ ನನ್ನನ್ನೇ ನೋಡಿದಳು. ಕಣ್ಣು ಮತ್ತೆ ಎಳೆಯುತ್ತಿದ್ದವು.

"ಹೌದಲ್ಲ? ಭಾಳ ಸಣ್ಣ ಕಿವಿ ಇದ್ದೂ," ಎಂದು ಹೇಳಿ ಚಿಗವ್ವ ನನ್ನ ಕೈ ಬಿಡದೆಯೇ ನಿದ್ದೆ ಹೋದಳು.