ಚಂದ್ರಣ್ಣನ ಕಾರು ಓಡಿದ ನೂರು ಕಿಲೋಮೀಟರ್

ಬೆಳಗೋಡಿನ ಆಚೆ ಆರು ಎಕರೆ ಕಾಫಿ ತೋಟ ಮಾಡಿಕೊಂಡಿರುವ ಚಂದ್ರಶೇಖರ ಜಗತ್ತಿನ ಯಾವ ಯಂತ್ರವನ್ನಾದರೂ ಬಿಚ್ಚಬಲ್ಲ. ಈ ಮಾತನ್ನು ಅವನ ಹೆಂಡತಿ ಕಲ್ಯಾಣಮ್ಮನೂ ಒಪ್ಪುತ್ತಾಳೆ. ಅವಳ ತಕರಾರಿರುವುದು ಬಿಚ್ಚಿದ ಮೇಲಿನ ಭಾಗಕ್ಕೆ. ಅವನು ಮತ್ತೆ ಜೋಡಿಸಿ ಕೈ ತೊಳೆದುಕೊಳ್ಳುವಾಗ ಒಂದಿಷ್ಟು ಸ್ಕ್ರೂ, ನಾಲ್ಕು ವಾಷರು, ಒಂದು ಸ್ಪ್ರಿಂಗು ಉಳಿದೇ ಉಳಿಯುತ್ತವೆ. "ಅವೆಲ್ಲ ಹೆಚ್ಚಿಗೆ ಹಾಕಿರ್ತಾರೆ ಕಣೇ" ಎಂಬುದು ಅವನ ವಾದ. ಹಾಗೆ ಉಳಿದದ್ದನ್ನು ಅವಳು ಉಪ್ಪಿನಕಾಯಿ ಜಾಡಿಯಲ್ಲಿ ತುಂಬಿಡುತ್ತಾ ಬಂದಿದ್ದಾಳೆ. ಮದುವೆಯಾಗಿ ಹದಿನಾರು ವರ್ಷಕ್ಕೆ ಈಗ ನಡೆಯುತ್ತಿರುವುದು ಎರಡನೇ ಜಾಡಿ.

ಇಂಥವನ ಕಣ್ಣಿಗೆ ಜಪಾನ್ ಕಾರು ಬೀಳಬಾರದಿತ್ತು, ಬಿತ್ತು. ತೊಂಬತ್ತಾರನೇ ಇಸವಿಯ ಮಳೆಗಾಲ ಮುಗಿದ ಮೇಲೆ ವನಗೂರಿನ ಕಡೆ ಒಂದು ದೊಡ್ಡ ಎಸ್ಟೇಟಿಗೆ ಏಲಕ್ಕಿ ಸಸಿ ತರಲು ಹೋದವನು ಅಲ್ಲಿನ ಹಳೇ ಶೆಡ್ಡಿನೊಳಗೆ ಇಣುಕಿದ. ಇಪ್ಪತ್ತೈದು ವರ್ಷದ ಹಿಂದೆ ಹಡಗಿನಲ್ಲಿ ಬಂದ ಟೊಯೋಟಾ ಧೂಳು ಹೊದ್ದು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. "ಸುಮ್ನೆ ಜಾಗ ತಿಂತೈತೆ, ಬೇಕಾದ್ರೆ ಎಳ್ಕಂಡು ಹೋಗಿ" ಎಂದ ಎಸ್ಟೇಟಿನ ಲೆಕ್ಕ ಬರೆಯುವ ರೈಟರು. ಒಂದು ಮೂಟೆ ಮೆಣಸು ಅತ್ತ ಹೋಯಿತು, ಕಾರು ಇತ್ತ ಬಂತು. ಟ್ರ್ಯಾಕ್ಟರಿನ ಹಿಂದೆ ಹಗ್ಗ ಕಟ್ಟಿ ಎಳೆಸಿಕೊಂಡು ಬರುವಾಗ ಚಂದ್ರಶೇಖರ ಸ್ಟೇರಿಂಗ್ ಹಿಡಿದು ಕೂತು, ದಾರಿಯಲ್ಲಿ ಎದುರಾದವರಿಗೆಲ್ಲ ಮಂತ್ರಿಗಳ ಹಾಗೆ ಕೈ ಬೀಸಿದ. (ಕೋಳಿಯೂ ಬಂತು. ಮನೆ ಮುಟ್ಟುವವರೆಗೆ ಅದು ಮೊಟ್ಟೆ ಬಿಟ್ಟು ಏಳಲಿಲ್ಲ.)

"ಏನ್ರೀ ಇದು?" ಕಲ್ಯಾಣಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಜಪಾನು ಕಣೇ, ಜಪಾನು! ಮುಟ್ಟಿ ನೋಡು, ತಗಡು ಹೆಂಗೈತೆ!"

"ಮೆಣಸಿನ ಮೂಟೆ ಎಲ್ಲೈತೆ?"

"ಅದೇ ಇದು."

ಕಲ್ಯಾಣಮ್ಮ ಬಾಯಿ ತೆರೆಯುವ ಮೊದಲೇ ಅವನು ಬ್ರಹ್ಮಾಸ್ತ್ರ ಬಿಟ್ಟ. ಕುಂದೂರಿನಲ್ಲಿ ಅವಳ ತಮ್ಮ ಗುರು ಹೊಸ ಮನೆ ಕಟ್ಟಿಸಿದ್ದ, ಡಿಸೆಂಬರಿನಲ್ಲಿ ಗೃಹಪ್ರವೇಶ. "ನಿನ್ ತಂಗಿ ಗಂಡ ಬರೀ ಮೂರು ವರ್ಷದ ಕಾರಲ್ಲಿ ಬತ್ತಾನೆ. ನಾವು ಇಪ್ಪತ್ತೈದು ವರ್ಷದ ಕಾರಲ್ಲಿ ಹೋಗಿ ಇಳಿಯೋಣ!" ಎಂದ. ಲೆಕ್ಕ ಎಲ್ಲೋ ತಪ್ಪಿದೆ ಎಂದು ಕಲ್ಯಾಣಮ್ಮನಿಗೆ ಅನಿಸಿತು. ಆದರೂ ರೇಷ್ಮೆ ಸೀರೆಯುಟ್ಟು, ತವರಿನ ಅಂಗಳದಲ್ಲಿ, ತಂಗಿಯ ಎದುರಿಗೇ ಕಾರಿನ ಬಾಗಿಲು ತೆಗೆದು ಇಳಿಯುವ ಚಿತ್ರ ಕಣ್ಣ ಮುಂದೆ ಬಂದು ಅವಳು ಮೆತ್ತಗಾದಳು. ಹೆಂಗಸರು ಮೋಸ ಹೋಗುವುದು ಹೀಗೆಯೇ.

ಅಲ್ಲಿಂದ ಎರಡು ತಿಂಗಳು ಚಂದ್ರಶೇಖರ ಮನೆಯೊಳಗೆ ಕಂಡದ್ದು ಊಟಕ್ಕೆ ಮಾತ್ರ, ಮಿಕ್ಕಂತೆ ಕಾರಿನ ಕೆಳಗಿನಿಂದ ಚಾಚಿದ ಎರಡು ಕಾಲು. ಮಲೆನಾಡಿನ ರಸ್ತೆಗೆ ಕಾರಿನ ಚಕ್ರ ಸಾಲದೆಂದು ಹಿಂದಕ್ಕೆ ಜೀಪಿನ ಚಕ್ರ ಹಾಕಿದ. ಅಂದಿನಿಂದ ಕಾರು, ನಿಂತಲ್ಲೇ ಇಳಿಜಾರು ಇಳಿಯುತ್ತಿರುವ ಭಂಗಿಗೆ ಬಂತು. ಪೆಟ್ರೋಲ್ ಟ್ಯಾಂಕು ತುಕ್ಕು ಹಿಡಿದು ಜರಡಿಯಾಗಿತ್ತು. ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರವಿದೆ. ಅದು ಓಡುವುದು ಕರೆಂಟಿನಲ್ಲಿ, ಕರೆಂಟು ಹೋದರೆ ಇರಲಿ ಎಂದು ಅವನಪ್ಪ ಇಟ್ಟಿದ್ದ ಡೀಸೆಲ್ ಎಂಜಿನ್ನೂ ಒಂದಿತ್ತು. ಅದರ ಟ್ಯಾಂಕನ್ನು ಕಿತ್ತು, ಕತ್ತರಿಸಿ, ಬೆಸುಗೆ ಹಾಕಿಸಿ ಕಾರಿಗೆ ಕೂರಿಸಿದ.

"ನನ್ ಕನ್ನಡಿ ಎಲ್ರೀ?" ಎಂದು ಒಂದು ಬೆಳಿಗ್ಗೆ ಕಲ್ಯಾಣಮ್ಮ ಕುಂಕುಮದ ಭರಣಿ ಹಿಡಿದು ಕೇಳಿದಳು.

"ಎಲ್ಲೂ ಹೋಗಿಲ್ಲ ಕಣೇ, ಕಾರಿಗೆ ಹಾಕಿವ್ನಿ. ಹಿಂದೆ ಬರೋರು ಕಾಣ್ಬೇಕಲ್ಲ?"

"ಮುಂದಕ್ಕೇ ಹೋಗ್ದಿರೋ ಕಾರಿಗೆ ಹಿಂದೆ ಯಾರು ಬತ್ತಾರೆ?" ಎಂದ ಕಲ್ಯಾಣಮ್ಮ ಅಂದಿನಿಂದ ಕಾರಿನಲ್ಲೇ ಕೂತು ಕುಂಕುಮ ಇಟ್ಟುಕೊಳ್ಳತೊಡಗಿದಳು.

ರೇಡಿಯೇಟರ್ ಸೋರತೊಡಗಿದಾಗ ಅಡುಗೆಮನೆಗೆ ದಾಳಿಯಾಯಿತು. ಸೋರುವ ರೇಡಿಯೇಟರಿಗೆ ಅರಿಶಿನ ಹಾಕಿದರೆ ತೂತು ಮುಚ್ಚುತ್ತದೆಂದು ಲಾರಿ ಡ್ರೈವರೊಬ್ಬ ಹೇಳಿದ್ದನಂತೆ. ಡಬ್ಬಿ ಪೂರ್ತಿ ಸುರಿದ. ಸೋರುವುದು ನಿಂತೇ ನಿಂತಿತು! ಚಂದ್ರಶೇಖರ ಅಂಗಳದಲ್ಲಿ ಕುಣಿದ. ಎಂಜಿನ್ ಬಿಸಿಯಾದಾಗಲೆಲ್ಲ ಮದುವೆ ಮನೆಯ ವಾಸನೆ ಬರುತ್ತಿದ್ದುದು ಬೇರೆ ಮಾತು.

"ಅರಿಶಿನ ಆಯ್ತು, ಇನ್ನು ಸಾಸಿವೆ, ಕರಿಬೇವು ತಗಂಡು ಬರ್ಲಾ, ಒಗ್ಗರಣೆಗೆ?" ಎಂದಳು ಕಲ್ಯಾಣಮ್ಮ.

ಅಷ್ಟರಲ್ಲಿ ಕೊಯ್ಲಿನ ಕಾಲ ಬಂತು. ಕಾಫಿ ಒಣಗಿಸುವ ಕಣದ ನಡುವೆ ಕಾರು ಕಾಲು ಚಾಚಿ ಮಲಗಿತ್ತು. ಗೃಹಪ್ರವೇಶಕ್ಕೆ ಉಳಿದದ್ದು ಒಂದೇ ವಾರ. ಕಲ್ಯಾಣಮ್ಮನ ಸಹನೆಯ ಟ್ಯಾಂಕೂ ತಳ ಕಂಡಿತು. ಅವಳು ಸಕಲೇಶಪುರದಲ್ಲಿ ಗ್ಯಾರೇಜು ಇಟ್ಟಿರುವ ಅಬ್ದುಲ್ ಮಜೀದರಿಗೆ ಹೇಳಿ ಕಳಿಸಿದಳು. ಮಜೀದರು ಬಂದು, ಕಾರಿನ ಸುತ್ತ ಒಂದು ಸುತ್ತು ಬಂದು, ಗಡ್ಡ ನೀವಿಕೊಂಡರು.

"ಗೌಡ್ರೇ, ಗಾಡಿ ಒಳ್ಳೇದು. ನೀವು ಕೈ ಹಾಕೋ ಮುಂಚೆ ಇನ್ನೂ ಒಳ್ಳೇದಿತ್ತು. ಕೊಟ್ಬುಡಿ, ಬಿಚ್ಚಿ ಸಾಮಾನಿಗೆ ಹಾಕ್ಕೊತೀನಿ. ನಿಮ್ಗೆ ಒಂದು ಮೂಟೆ ಮೆಣಸಿನ ದುಡ್ಡು ಕೊಡ್ತೀನಿ."

ಚಂದ್ರಶೇಖರ ಬಾನೆಟ್ಟಿಗೆ ಅಡ್ಡ ನಿಂತ. "ಜಪಾನನ್ನ ಬಿಚ್ಚೋದಾ? ಬರೋ ಭಾನುವಾರ ಗೃಹಪ್ರವೇಶ, ಅಷ್ಟರೊಳಗೆ ಈ ಕಾರು ನೂರು ಕಿಲೋಮೀಟರ್ ಓಡುತ್ತೆ. ಓಡ್ಲಿಲ್ಲ ಅಂದ್ರೆ ಇವಳೇ ನಿಮ್ ಕೈಗೆ ಬೀಗದ ಕೈ ಕೊಡ್ಲಿ!"

"ಕೊಡ್ತೀನಿ" ಎಂದಳು ಕಲ್ಯಾಣಮ್ಮ. ಕಾರಿನಲ್ಲಿ ಅವನು ಬಿಚ್ಚದೆ ಬಿಟ್ಟಿದ್ದ ಒಂದೇ ವಸ್ತು ಮೀಟರು, ಹಾಗಾಗಿ ಅದು ಸರಿಯಾಗಿತ್ತು. ಅದರ ಅಂಕಿಯನ್ನು ಮಜೀದರು ಓದಿ ಹೇಳಿದರು, ಕಲ್ಯಾಣಮ್ಮ ಕಣದ ಪಕ್ಕದ ಸ್ಟೋರಿನ ಬಾಗಿಲ ಮೇಲೆ ಸುಣ್ಣದ ಕಡ್ಡಿಯಲ್ಲಿ ಬರೆದಳು: ೪೧,೨೦೬.

ಗುರುವಾರ ಬೆಳಿಗ್ಗೆ ಪ್ರಥಮ ಸಂಚಾರ. ಹಿಂದಿನ ದಿನವಷ್ಟೇ ಚಂದ್ರಶೇಖರ ಸ್ಟೇರಿಂಗ್ ಬಿಚ್ಚಿ, ಗ್ರೀಸು ಮೆತ್ತಿ, ಜೋಡಿಸಿದ್ದ. ಈ ಸಲ ಒಂದು ವಾಷರೂ ಉಳಿದಿರಲಿಲ್ಲ! ಇದೇ ಶುಭಶಕುನವೆಂದು ಕಾರಿಗೆ ನಿಂಬೆಹಣ್ಣು ಕಟ್ಟಿ ಹೊರಟ. ಗೇಟಿನಾಚೆ ಪಕ್ಕದ ತೋಟದ ವೀರಯ್ಯ ಹಾಲಿನ ಕ್ಯಾನು ಹಿಡಿದು ರಸ್ತೆಯ ಎಡಕ್ಕೆ ನಿಂತಿದ್ದ. ಅವನನ್ನು ತಪ್ಪಿಸಲು ಚಂದ್ರಶೇಖರ ಬಲಕ್ಕೆ ತಿರುಗಿಸಿದ. ಕಾರು ಎಡಕ್ಕೆ ಹೋಯಿತು. ಇನ್ನಷ್ಟು ಬಲಕ್ಕೆ ತಿರುಗಿಸಿದ. ಇನ್ನಷ್ಟು ಎಡಕ್ಕೆ ಹೋಯಿತು. ವೀರಯ್ಯ ಕ್ಯಾನು ಬಿಸಾಕಿ ಬೇಲಿ ಹಾರಿದ. ಕಾರು ಬೇಲಿಯ ಪಕ್ಕದ ಗೊಬ್ಬರದ ಗುಂಡಿಗೆ ಮೂತಿಯಿಟ್ಟು ನಿಂತಿತು.

"ನನ್ ಮೇಲೆ ಏನಾದ್ರೂ ಸಿಟ್ಟಿದ್ರೆ ಬಾಯಲ್ಲಿ ಹೇಳು ಮಾರಾಯ!" ಎಂದ ವೀರಯ್ಯ ಬೇಲಿಯಾಚೆಯಿಂದ.

ಸ್ಟೇರಿಂಗಿನ ಪೆಟ್ಟಿಗೆಯನ್ನು ಚಂದ್ರಶೇಖರ ತಲೆಕೆಳಗಾಗಿ ಕೂರಿಸಿದ್ದ. "ಗಣಪತಿ ಮಾಡೋಕೋಗಿ ಅವರಪ್ಪನ್ನ ಮಾಡಿದ್ರಿ" ಎಂದಳು ಕಲ್ಯಾಣಮ್ಮ. "ಅಭ್ಯಾಸ ಆದ್ರೆ ಏನೂ ಗೊತ್ತಾಗಲ್ಲ ಕಣೇ, ಬಲಕ್ಕೆ ಹೋಗ್ಬೇಕಾದ್ರೆ ಎಡಕ್ಕೆ ತಿರುಗಿಸೋದು, ಅಷ್ಟೇ" ಎಂದು ಅವನು ಸಮಜಾಯಿಷಿ ಕೊಟ್ಟ. ವೀರಯ್ಯನ ಜೋಡೆತ್ತು ಕಾರನ್ನು ಎಳೆದು ತಂದು ಮತ್ತೆ ಕಣಕ್ಕೇ ಸೇರಿಸಿದವು. ಮೀಟರಿನಲ್ಲಿ ಒಂದು ಕಿಲೋಮೀಟರೂ ಏರಿರಲಿಲ್ಲ.

ಶುಕ್ರವಾರ ಸ್ಟೇರಿಂಗ್ ಮತ್ತೆ ಬಿಚ್ಚಬೇಕು, ಶನಿವಾರ ನೂರು ಕಿಲೋಮೀಟರ್ ಮುಗಿಸಬೇಕು. ಚಂದ್ರಶೇಖರ ಸ್ಪ್ಯಾನರು ಹಿಡಿದು ಕೆಳಗೆ ನುಸುಳುವ ಹೊತ್ತಿಗೆ ಸುದ್ದಿ ಬಂತು. ಆನೆಗಳ ಹಿಂಡು ಮೂರು ಕರೆಂಟು ಕಂಬ ಉರುಳಿಸಿ ಹೋಗಿದೆ, ನಾಲ್ಕು ದಿನ ಕರೆಂಟಿಲ್ಲ. ಪಲ್ಪರಿನ ಬಾಯಿಯ ಮುಂದೆ ಆಳುಗಳು ಕೊಯ್ದು ತಂದ ಹಣ್ಣು ಗುಡ್ಡೆ ಬಿದ್ದಿತ್ತು. ಹಣ್ಣನ್ನು ಅಂದಂದೇ ಬಿಡಿಸದಿದ್ದರೆ ಹುಳಿ ಬಂದು ಇಡೀ ವರ್ಷದ ಬೆಳೆ ಕೆಡುತ್ತದೆ.

"ಹೋಗ್ಲಿ, ಡೀಸೆಲ್ ಎಂಜಿನ್ನು ಐತಲ್ಲ" ಎಂದು ಸ್ಟೋರಿಗೆ ಹೋದ ಕಲ್ಯಾಣಮ್ಮ ಹಾಗೇ ಹಿಂದಿರುಗಿದಳು. "ಏನ್ರೀ, ಇದರ ಟ್ಯಾಂಕು?"

ಕಾರಿನ ಕೆಳಗಿನ ಕಾಲುಗಳು ಇನ್ನಷ್ಟು ಒಳಗೆ ಸರಿದವು.

"ನಿಮ್ಮನ್ನೇ ಕೇಳ್ತಿರೋದು!"

"ಜಪಾನಿಗೆ ಹಾಕಿವ್ನಿ" ಎಂದು ಕ್ಷೀಣ ಸ್ವರವೊಂದು ಕೇಳಿತು.

ಕಲ್ಯಾಣಮ್ಮ ಕೂಗಾಡಲಿಲ್ಲ. ಅದೇ ಭಯ ಹುಟ್ಟಿಸುವಂಥದು. ಸೊಂಟದ ಮೇಲೆ ಕೈಯಿಟ್ಟು ಹಣ್ಣಿನ ಗುಡ್ಡೆ ನೋಡಿದಳು, ಪಲ್ಪರ್ ನೋಡಿದಳು, ಕಾರನ್ನು ನೋಡಿದಳು. "ಇದರ ಎಂಜಿನ್ನು ಓಡ್ತದೆ ತಾನೆ? ನಮ್ಮಪ್ಪ ಕುಂದೂರಲ್ಲಿ ಜೀಪಿನ ಚಕ್ರ ಎತ್ತಿ ನಿಲ್ಸಿ, ಬೆಲ್ಟ್ ಹಾಕಿ ಕಬ್ಬಿನ ಗಾಣ ಆಡಿಸ್ತಿದ್ರು. ಏಳಿ ಮೇಲೆ!"

ಆಳುಗಳೆಲ್ಲ ಸೇರಿ ಕಾರನ್ನು ಪಲ್ಪರಿನ ಹತ್ತಿರಕ್ಕೆ ತಳ್ಳಿದರು. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಒಂದು ಚಕ್ರವನ್ನು ಜಾಕಿನಲ್ಲಿ ಎತ್ತಿ ಕೆಳಗೆ ದಿಮ್ಮಿ ಇಟ್ಟರು. ಆ ಚಕ್ರದ ಟಯರು ಬಿಚ್ಚಿ ಡೀಸೆಲ್ ಎಂಜಿನ್ನಿನ ಪಟ್ಟಿ ಬೆಲ್ಟನ್ನು ಅದಕ್ಕೂ ಪಲ್ಪರಿಗೂ ಬಿಗಿದರು. ಚಂದ್ರಶೇಖರ ಚಾಲಕನ ಆಸನದಲ್ಲಿ ವಿರಾಜಮಾನನಾಗಿ ಕೀಲಿ ತಿರುಗಿಸಿದ. ಕಾರು ಕೆಮ್ಮಿತು, ಅರಿಶಿನದ ಹಬೆ ಬಿಟ್ಟಿತು, ಗುಡುಗಿತು. ಒಂದನೇ ಗೇರು, ಎರಡು, ಮೂರು! ಬೆಲ್ಟು ಓಡಿತು, ಪಲ್ಪರ್ ಗರಗರ ತಿರುಗಿತು, ಒಂದು ಕಡೆ ಕೆಂಪು ಸಿಪ್ಪೆ, ಇನ್ನೊಂದು ಕಡೆ ಬಿಳಿ ಬೀಜ ಸುರಿಯತೊಡಗಿತು. ಹೆಣ್ಣಾಳುಗಳು ಕೇಕೆ ಹಾಕಿದರು. ಕಲ್ಯಾಣಮ್ಮನ ಮುಖದಲ್ಲಿ ಎರಡು ತಿಂಗಳಲ್ಲಿ ಮೊದಲ ಬಾರಿಗೆ ನಗು ಮೂಡಿತು. ಚಂದ್ರಶೇಖರ ಸ್ಟೇರಿಂಗ್ ತಟ್ಟಿದ. ಹದಿನಾರು ವರ್ಷದಲ್ಲಿ ಅವನು ಜೋಡಿಸಿದ್ದೊಂದು ಕೆಲಸ ಮಾಡಿತ್ತು!

ಅರ್ಧ ಗಂಟೆಯಾದ ಮೇಲೆ ಅವನ ಕಣ್ಣು ಮೀಟರಿನ ಮೇಲೆ ಬಿತ್ತು. ೪೧,೨೧೮. ಕಣ್ಣುಜ್ಜಿಕೊಂಡ. ೪೧,೨೧೯! ಕಣದಲ್ಲೇ ನಿಂತ ಕಾರು ಓಡುತ್ತಿತ್ತು! ಅವನಿಗೆ ಎದ್ದು ಕುಣಿಯಬೇಕೆನಿಸಿತು, ಆದರೆ ಆಕ್ಸಿಲರೇಟರ್ ಮೇಲಿನ ಕಾಲು ತೆಗೆಯುವಂತಿರಲಿಲ್ಲ. ಸಂಜೆ ಹಣ್ಣು ಮುಗಿಯುವಾಗ ಐವತ್ತೆರಡು ಕಿಲೋಮೀಟರ್ ಆಗಿತ್ತು. ಅಯ್ಯೋ, ಇಷ್ಟು ಬೇಗ ಮುಗಿಯಿತಲ್ಲ! ಅವನು ಬೇಲಿಯ ಹತ್ತಿರ ಓಡಿ ಹೋಗಿ ಕೂಗಿದ.

"ವೀರಣ್ಣಾ! ನಿಂದೂ ಹಣ್ಣು ಕೆಡ್ತಾ ಐತಲ್ಲ, ನಾಳೆ ತಗಂಡು ಬಾ! ಒಂದು ಕ್ಯಾನು ಪೆಟ್ರೋಲ್ ತಂದ್ರೆ ಸಾಕು. ಎಲ್ರಿಗೂ ಹೇಳು, ಕರೆಂಟು ಬರೋಗಂಟ ಬಿಡಿಸಿಕೊಡ್ತೀನಿ! ಮಾತಂದ್ರೆ ಮಾತು!"

ಶನಿವಾರ ವೀರಯ್ಯನ ಹಣ್ಣು ಬಂತು, ಅವನ ದಾಯಾದಿಗಳ ಹಣ್ಣು ಬಂತು. ಚಂದ್ರಶೇಖರ ಊಟವನ್ನೂ ಸೀಟಿನಲ್ಲೇ ಮಾಡಿದ. ಮಧ್ಯಾಹ್ನ ಮೀಟರು ೪೧,೩೦೬ ಮುಟ್ಟಿದಾಗ ಅವನು ಒತ್ತಿ ಹಿಡಿದ ಹಾರನ್ನಿಗೆ ಕಣದ ಕೋಳಿಗಳೆಲ್ಲ ಮಾಡು ಹತ್ತಿದವು.

ಭಾನುವಾರ ಬೆಳಿಗ್ಗೆ ಮಜೀದರು ಕಾರು ಎಳೆದೊಯ್ಯಲು ಜೀಪು ತಂದರು. ಚಂದ್ರಶೇಖರ ಆಗಲೇ ಮಿಂದು, ಇಸ್ತ್ರಿ ಮಾಡಿದ ಬಿಳಿ ಅಂಗಿ ಪಂಚೆ ತೊಟ್ಟು ಸಿದ್ಧನಾಗಿದ್ದ. ಮಜೀದರು ಮೀಟರ್ ನೋಡಿದರು, ಬಾಗಿಲ ಮೇಲಿನ ಅಂಕಿ ನೋಡಿದರು, ಎತ್ತಿ ನಿಲ್ಲಿಸಿದ ಚಕ್ರ ನೋಡಿದರು.

"ನೂರಾ ಹನ್ನೆರಡು! ಎಲ್ಲಿಗೆ ಹೋಗಿದ್ರಿ ಗೌಡ್ರೇ?"

"ಓಡುತ್ತೆ ಅಂದಿದ್ದೆ, ಎಲ್ಲಿಗೆ ಅಂತ ಹೇಳಿರ್ಲಿಲ್ಲ!" ಎಂದು ಚಂದ್ರಶೇಖರ ಎದೆಯುಬ್ಬಿಸಿ ಹೆಂಡತಿಯ ಕಡೆ ನೋಡಿದ.

"ಮಾತು ಮಾತೇ" ಎಂದಳು ರೇಷ್ಮೆ ಸೀರೆಯುಟ್ಟು ನಿಂತಿದ್ದ ಕಲ್ಯಾಣಮ್ಮ. "ಕಾರು ಕೊಡಲ್ಲ ಮಜೀದಣ್ಣ. ನೀವು ಕಾಫಿ ಕುಡ್ಕಂಡು ಹೋಗಿ."

ಚಂದ್ರಶೇಖರ ಮೂರು ಲೋಕ ಗೆದ್ದವನಂತೆ ನಕ್ಕ. ಮಜೀದರು ಕಾರಿನ ಅಡಿಗೆ ಬಗ್ಗಿ ನೋಡಿ ಎದ್ದರು. "ಸ್ಟೇರಿಂಗ್ ಉಲ್ಟಾ ಐತೆ ಅಷ್ಟೇ. ಅರ್ಧ ಗಂಟೆ ಕೆಲ್ಸ. ಮಾಡ್ಕೊಡ್ಲಾ? ಆರಾಮಾಗಿ ಕುಂದೂರಿಗೆ ಹೋಗ್ಬೋದು."

"ಮಾಡಿ, ಮಾಡಿ!" ಎಂದು ಚಂದ್ರಶೇಖರ ಸ್ಪ್ಯಾನರಿಗೆ ಓಡಿದ.

"ಬ್ಯಾಡ" ಎಂದಳು ಕಲ್ಯಾಣಮ್ಮ, ಗೇಟಿನ ಕಡೆ ಕೈ ತೋರಿಸಿ. ಅಲ್ಲಿ ವೀರಯ್ಯ, ಅವನ ದಾಯಾದಿ ಕುಳ್ಳಯ್ಯ, ಊರಿನ ಅರ್ಧ ಬೆಳೆಗಾರರು ಹಣ್ಣಿನ ಮೂಟೆ, ಪೆಟ್ರೋಲ್ ಕ್ಯಾನು ಹಿಡಿದು ಸಾಲಾಗಿ ನಿಂತಿದ್ದರು. "ಕರೆಂಟು ಬರೋಗಂಟ ಬಿಡಿಸಿಕೊಡ್ತೀನಿ ಅಂತ ಮಾತು ಕೊಟ್ಟೋರು ಯಾರು? ಅವ್ರ ವರ್ಷದ ಬೆಳೆ ಕೊಳೆಯೋಕೆ ಬುಟ್ಟು ಹೋಗ್ತೀರಾ? ಅಲ್ಲೀಗಂಟ ಇದು ಇಲ್ಲಿಂದ ಅಲ್ಲಾಡ್ಬಾರ್ದು. ನಿಂತ ಕಾರು ಎತ್ತ ತಿರುಗಿದ್ರೇನು!"

"ಮತ್ತೆ ಗೃಹಪ್ರವೇಶ?" ಎಂದ ಚಂದ್ರಶೇಖರ, ಸ್ಪ್ಯಾನರು ಹಿಡಿದೇ.

"ನಾನು ಬಸ್ಸಿಗೆ ಹೋಗಿ ಬತ್ತೀನಿ. ಗುರುಗೆ ಹೇಳ್ತೀನಿ, ನಿಮ್ ಭಾವ ಕಾರಲ್ಲಿ ಹೊರಟವ್ರೆ, ದಾರೀಲಿ ಅವ್ರೆ ಅಂತ."

ಮಾಡಿದ್ದುಣ್ಣೋ ಮಹರಾಯ. ಚಂದ್ರಶೇಖರ ಬಿಳಿ ಅಂಗಿಯಲ್ಲೇ ಹೋಗಿ ಸ್ಟೇರಿಂಗ್ ಹಿಂದೆ ಕೂತ. ಕಾರು ಗುಡುಗಿತು, ವೀರಯ್ಯ ಮೊದಲ ಮೂಟೆ ಸುರಿದ. ಕಲ್ಯಾಣಮ್ಮ ಕಾರಿನ ಕಿಟಕಿಯೊಳಗೆ ತಲೆ ಹಾಕಿ, ತನ್ನ ಕನ್ನಡಿಯಲ್ಲಿ ಕುಂಕುಮ ಸರಿಮಾಡಿಕೊಂಡು, ಕನ್ನಡಿಯನ್ನು ಅವನ ಕಡೆಗೆ ತಿರುಗಿಸಿ ಹೊರಟಳು. ಮೂರನೇ ಗೇರಿನಲ್ಲಿ ಶರವೇಗದಲ್ಲಿ ಓಡುತ್ತಿದ್ದ ಚಂದ್ರಶೇಖರ ಅದೇ ಕನ್ನಡಿಯಲ್ಲಿ ನೋಡಿದ. ಗೇಟಿನಾಚೆ ಬಸ್ಸು ನಿಂತಿತು, ಅವಳನ್ನು ಹತ್ತಿಸಿಕೊಂಡು ಹೊರಟಿತು. ಮೊಟ್ಟಮೊದಲ ಬಾರಿಗೆ ಅವನ ಕಾರಿನ ಹಿಂದೆ ಒಂದು ವಾಹನ ಕಂಡಿತ್ತು. ಸೈಡು ಕೊಡಲೆಂದು ಅವನು ಕೈ ಹೊರಗೆ ಹಾಕಿದ. ಅಷ್ಟರಲ್ಲಿ ಕುಳ್ಳಯ್ಯ ಆ ಕೈಗೆ ತನ್ನ ಪೆಟ್ರೋಲ್ ಕ್ಯಾನು ತಗುಲಿಹಾಕಿ, ಹೋಗಿ ಸಾಲಿನಲ್ಲಿ ನಿಂತ.